ತಾಮ್ರದಲ್ಲಿ ಕೊರೆದ ಮುಖ

ಮುಖ ನೋಡಿ ಗುಣ ಹೇಳುತ್ತೇವೆ ಅನ್ನುವವರನ್ನು ನಾನು ಎಂದೂ ನಂಬಿದವನಲ್ಲ. ಹೊಸೂರಿನಲ್ಲಿ ಫೋಟೋಗಳಿಗೆ ಕಟ್ಟು ಹಾಕುವ ಅಂಗಡಿ ನನ್ನದು. ದೇವರ ಪಟಗಳನ್ನು ಬಿಟ್ಟರೆ ಹೆಚ್ಚಾಗಿ ಬರುತ್ತಿದ್ದುದು ತೀರಿಕೊಂಡವರ ಫೋಟೋಗಳು. ದಿನವೂ ಅಷ್ಟು ಮುಖಗಳನ್ನು ಒರೆಸಿ ಗಾಜು ಕೂರಿಸುವವನಿಗೆ ಮುಖದಲ್ಲಿ ಏನೂ ಬರೆದಿರುವುದಿಲ್ಲ ಎಂಬುದು ಬೇಗ ತಿಳಿಯುತ್ತದೆ. ಆದರೂ ಎರಡು ಸಾವಿರದ ಐದೋ ಆರೋ ಇಸವಿಯಲ್ಲಿ ನಡೆದ ಈ ಒಂದು ಸಂಗತಿಯನ್ನು ನಿಮಗೆ ಹೇಳಬೇಕು.

ಆಲಸನತ್ತಂನಲ್ಲಿ ಮನೆ ಮಾಡಿದ್ದ ನಿವೃತ್ತ ಡಾಕ್ಟರೊಬ್ಬರು ಕಟ್ಟು ಹಾಕಲು ಏಳು ಹಳೆಯ ಅಚ್ಚುಚಿತ್ರಗಳನ್ನು ತಂದುಕೊಟ್ಟರು. ಎಲ್ಲವೂ ಪರದೇಶದವರ ಮುಖಗಳು. ತಾಮ್ರದ ತಗಡಿನ ಮೇಲೆ ಕೂದಲೆಳೆಯಂಥ ಗೆರೆ ಕೊರೆದು, ಮಸಿ ತುಂಬಿ, ಕಾಗದದ ಮೇಲೆ ಒತ್ತಿದ್ದು. ಮೂಗು, ಹಣೆ, ಗದ್ದ ನೋಡಿ ಸ್ವಭಾವ ಹೇಳುವ ಶಾಸ್ತ್ರದ ಪುಸ್ತಕದಿಂದ ಬಿಚ್ಚಿ ತೆಗೆದ ಹಾಳೆಗಳು ಅಂತ ಹೇಳಿದರು. ‘ಇದೇ ಶಾಸ್ತ್ರ ಹಿಡಿದು ದವಡೆ ಅಗಲ ಇದ್ದವರನ್ನೆಲ್ಲ ಕಳ್ಳರು ಅಂದುಬಿಟ್ಟರು’ ಎಂದು ಡಾಕ್ಟರು ನಕ್ಕಿದ್ದರು. ಅವರಿಗೆ ಇಷ್ಟವಾಗಿದ್ದುದು ಗೆರೆಯ ಕೆಲಸ ಮಾತ್ರ.

ಕಟ್ಟು ಹಾಕಿ ಏಳನ್ನೂ ಗೋಡೆಗೆ ಒರಗಿಸಿದ್ದೆ. ಒಂದು ಮಧ್ಯಾಹ್ನ ಬಾಗಲೂರಿನಿಂದ ನಮ್ಮಪ್ಪ ಬಂದರು. ಟೊಮೆಟೊ ಮಂಡಿಗೆ ಬಂದಾಗಲೆಲ್ಲ ಬಸ್ಸಿನ ಹೊತ್ತಾಗುವವರೆಗೆ ನನ್ನ ಅಂಗಡಿಯಲ್ಲಿ ಕೂರುತ್ತಿದ್ದರು. ಅವತ್ತು ಕೂರಲಿಲ್ಲ. ಒಂದು ಚಿತ್ರದ ಮುಂದೆ ನಿಂತುಬಿಟ್ಟರು.

‘ಇವ್ಳ್ಯಾಕ್ಲಾ ಇಲ್ಲಿ ಅವ್ಳೆ?’ ಅಂದರು, ನಿಧಾನವಾಗಿ.

‘ಯಾರಪ್ಪ?’

‘ನಿಮ್ಮವ್ವ.’

ನಾನು ನಡೆಯಲು ಕಲಿಯುವ ಮೊದಲೇ ಅವ್ವ ತೀರಿಕೊಂಡಿದ್ದಳು. ಅವಳದೊಂದು ಫೋಟೋ ಇರಲಿಲ್ಲ. ಊರಿನವರ ಸತ್ತ ತಾಯಂದಿರಿಗೆಲ್ಲ ಕಟ್ಟು ಹಾಕುವ ನನಗೆ ನನ್ನ ತಾಯಿ ಹೇಗಿದ್ದಳೋ ಗೊತ್ತಿರಲಿಲ್ಲ. ಅಪ್ಪ ಅವಳ ಮಾತೆತ್ತುತ್ತಲೂ ಇರಲಿಲ್ಲ.

ವಯಸ್ಸಾದ ಕಣ್ಣು ಅಂದುಕೊಂಡೆ. ಅವರನ್ನು ಟೀ ಕುಡಿಯಲು ಕಳಿಸಿ, ಚಿತ್ರಗಳ ಜಾಗ ಬದಲಾಯಿಸಿ, ಅದನ್ನು ಮೂಲೆಗೆ ಸರಿಸಿಟ್ಟೆ. ವಾಪಸು ಬಂದವರು ಸೀದಾ ಮೂಲೆಗೇ ಹೋದರು. ಬೆರಳಿನಿಂದ ಎಡಹುಬ್ಬು ಮುಟ್ಟಿ ತೋರಿಸಿದರು. ‘ಬಾವಿ ರಾಟೆ ಬಡ್ದಿದ್ದು ಇಲ್ಲೇಯ.’ ಅಲ್ಲೊಂದು ಸಣ್ಣ ಬಿಳಿ ಗೆರೆ ಇತ್ತು. ಕಾಗದ ಗೀಚಿಹೋಗಿದೆ ಅಂತ ನಾನು ಅದನ್ನು ಒರೆಸಿ ಒರೆಸಿ ಬಿಟ್ಟಿದ್ದೆ.

ಅಷ್ಟರಲ್ಲಿ ಡಾಕ್ಟರು ಬಂದರು. ವಿಷಯ ಹೇಳಿದೆ. ಅವರು ಭೂತಗನ್ನಡಿ ಹಿಡಿದು ನೋಡಿ, ಅದು ಗೀಚಿದ್ದಲ್ಲ, ತಗಡಿನಲ್ಲೇ ಅಷ್ಟು ಜಾಗ ಬಿಟ್ಟು ಕೊರೆದದ್ದು ಅಂದರು. ಆಮೇಲೆ ತಮಿಳಿನಲ್ಲಿ, ‘ಅಪ್ಪಡಿ ಒರು ಪೊಂಬಳೈಯೇ ಇಲ್ಲೈ’ ಅಂದರು. ಅಂಥ ಹೆಂಗಸೇ ಇರಲಿಲ್ಲವಂತೆ. ಒಬ್ಬರ ಮೂಗು, ಇನ್ನೊಬ್ಬರ ಗದ್ದ ಸೇರಿಸಿ, ಒಂದು ಗುಣ ತೋರಿಸಲು ಕಟ್ಟಿದ ಮುಖವಂತೆ.

‘ಏನ್ ಗುಣ ಅಂತ ಬರ್ದವ್ರೆ?’ ಅಪ್ಪ ಕೇಳಿದರು.

ಡಾಕ್ಟರು ಚಿತ್ರದ ಕೆಳಗಿನ ಅಕ್ಷರ ಓದಿ, ‘ದಯೆ ಇಲ್ಲದವಳು ಅಂತ’ ಎಂದರು.

‘ಅದು ಸುಳ್ಳು ಸಾಮಿ. ಹಸ ಈಯೋದ್ನ ನೋಡಕ್ಕಾಗ್ದೆ ಹಿತ್ಲಿಗೋಗಿ ಅಳ್ತಿದ್ಲು. ಬರ್ದೋನು ಸುಳ್ಳ. ಮುಖ ಮಾತ್ರ ದಿಟ.’

ಅವ್ವ ಎಂಥವಳು ಅಂತ ಅಪ್ಪನ ಬಾಯಿಂದ ನಾನು ಕೇಳಿದ ಮೊದಲ ಮಾತು ಅದು. ಡಾಕ್ಟರು ಆ ಒಂದು ಚಿತ್ರವನ್ನು ನನ್ನ ಕಡೆ ತಳ್ಳಿ, ನೀವೇ ಇಟ್ಟುಕೊಳ್ಳಿ ಅಂದರು. ನಾನು ಕೈ ಚಾಚಿಯೂ ಇದ್ದೆ. ಅಪ್ಪ ತಡೆದರು. ‘ಬ್ಯಾಡ ಕಣ್ಲಾ. ಇಟ್ಕಂಡ್ರೆ ದಿನಾ ನೋಡ್ಬೇಕು.’ ಅವರ ದನಿ ಕೇಳಿ ಕೈ ಹಿಂದೆಗೆದೆ. ಎಲ್ಲದರ ಜೊತೆ ಅದನ್ನೂ ಪೇಪರಿನಲ್ಲಿ ಸುತ್ತಿ ಕೊಟ್ಟೆ.

ಡಾಕ್ಟರು ಈಗಿಲ್ಲ. ಚಿತ್ರಗಳು ಯಾರ ಮನೆಯಲ್ಲಿವೆಯೋ ಗೊತ್ತಿಲ್ಲ. ಉಳಿದ ಆರು ಮುಖಗಳು ನನಗೆ ಇವತ್ತಿಗೂ ನೆನಪಿವೆ. ಬೋಳುತಲೆಯವನು, ಗಿಣಿಮೂಗಿನ ಮುದುಕ, ಎಲ್ಲರೂ. ದಿನಗಟ್ಟಲೆ ನನ್ನ ಕೈಯಲ್ಲೇ ಇದ್ದ ಆ ಮುಖ ಮಾತ್ರ ಎಷ್ಟು ಯೋಚಿಸಿದರೂ ಬರುವುದಿಲ್ಲ.

ಒಮ್ಮೆ ಅಪ್ಪನಿಗೆ ಇದನ್ನು ಹೇಳಿ, ನಿಂಗೆ ಜ್ಞಾಪಕ ಐತಾ ಅಂತ ಕೇಳಿದೆ. ಜಗಲಿಯ ಮೇಲೆ ಬೀಜದ ಅವರೆ ಬಿಡಿಸುತ್ತಿದ್ದರು.

‘ನಂಗೂ ಮರ್ತೋಗಿತ್ತು ಕಣ್ಲಾ, ಬೋ ವರ್ಷದಿಂದ,’ ಅಂದರು. ‘ಅವತ್ತಿಂದ ಚೆನ್ನಾಗ್ ಕಾಣ್ತಾಳೆ.’

ಮರೆತೇಹೋಗಿದ್ದರೆ ಎರಡು ಸಲವೂ ಹೇಗೆ ಗುರುತು ಹಿಡಿದರು? ಆ ಹುಬ್ಬಿನ ಗೆರೆ ಹೇಗೆ ನೆನಪಿಗೆ ಬಂತು? ನಾನು ಕೇಳಬಹುದಿತ್ತು. ಅಪ್ಪ ಇನ್ನೊಂದು ಕಾಯಿ ಸುಲಿದು ಕಾಳನ್ನು ಮೊರಕ್ಕೆ ಹಾಕಿದರು. ಅವರ ಮುಖದಲ್ಲಿ ಅಂಥ ನೆಮ್ಮದಿಯನ್ನು ನಾನು ಹಿಂದೆ ಕಂಡಿರಲಿಲ್ಲ. ನಾನೂ ಪಕ್ಕದಲ್ಲಿ ಕೂತು ಒಂದು ಹಿಡಿ ಕಾಯಿ ಎತ್ತಿಕೊಂಡೆ.