ಸೊಪ್ಪಿನ ಹೊರೆಯ ಎತ್ತರ

ಮನೆಯ ಮುಂದಿನ ರಸ್ತೆಗೆ ಬೆಳಿಗ್ಗೆಯಿಂದ ಡಾಂಬರು ಹಾಕುತ್ತಿದ್ದಾರೆ. ಆ ವಾಸನೆಗೆ ಅಕ್ಕಪಕ್ಕದವರೆಲ್ಲ ಕಿಟಕಿ ಮುಚ್ಚಿಕೊಂಡರೆ ನಾನು ತೆರೆದಿಟ್ಟು ಕುಳಿತಿದ್ದೇನೆ. ನಿಮಗೆ ವಿಚಿತ್ರವೆನಿಸಿದರೆ ತಪ್ಪಿಲ್ಲ, ನಮ್ಮ ಮನೆಯವರಿಗೂ ಹಾಗೇ ಅನಿಸುತ್ತದೆ. ನನಗದು ನೌಕರಿಯ ಮೊದಲ ವರ್ಷಗಳ ವಾಸನೆ.

ಎರಡು ಸಾವಿರದ ಇಸವಿ ಕಳೆದು ನಾಲ್ಕೈದು ವರ್ಷವಾಗಿತ್ತು. ಶಿಡ್ಲಘಟ್ಟದ ಪೇಟೆಯೊಳಗೆ ಬಸ್ಸು, ಲಾರಿ, ರೇಷ್ಮೆಗೂಡಿನ ಚೀಲ ಹೇರಿದ ಆಟೋಗಳು ಒಂದಕ್ಕೊಂದು ಸಿಕ್ಕಿಕೊಂಡು ನಿಲ್ಲುತ್ತಿದ್ದವು. ಊರಾಚೆ ಬೈಪಾಸ್ ಮಾಡುವುದೆಂದು ತೀರ್ಮಾನವಾಗಿ, ಸರ್ವೆಗೆ ಬಂದ ಕಿರಿಯ ಇಂಜಿನಿಯರ್ ನಾನು. ನಕ್ಷೆಯ ಮೇಲೆ ನಾನೆಳೆದ ಗೆರೆ ಬಹಳ ಚೆಂದವಿತ್ತು. ಒಂದು ಮನೆಯನ್ನೂ ಒಡೆಯಬೇಕಿರಲಿಲ್ಲ. ಆ ನಕ್ಷೆಯನ್ನು ಕಂಕುಳಲ್ಲಿಟ್ಟುಕೊಂಡು ಹೊಲದಲ್ಲಿ ಓಡಾಡುವಾಗ ಇದ್ದ ಜಂಭ ನೆನೆದರೆ ಈಗ ನಗು ಬರುತ್ತದೆ.

ಗುರುತಿನ ಕಲ್ಲು ನೆಡಿಸುತ್ತಿದ್ದಾಗ ಗೌರಮ್ಮ ಬಂದರು. ಒಬ್ಬರೇ ರೇಷ್ಮೆಹುಳು ಸಾಕಿ ಇಬ್ಬರು ಹೆಣ್ಣುಮಕ್ಕಳನ್ನು ಓದಿಸುತ್ತಿದ್ದ ಹೆಂಗಸು. ತಲೆಯ ಮೇಲಿನ ಹಿಪ್ಪುನೇರಳೆ ಸೊಪ್ಪಿನ ಹೊರೆ ಇಳಿಸದೆಯೇ ಕಲ್ಲುಗಳ ಸಾಲನ್ನು ನೋಡಿದರು. ನನ್ನ ಗೆರೆಯ ಈಚೆ ಅವರ ತೋಟ, ಆಚೆ ಹುಳುಮನೆ. ಅರ್ಧ ಮೈಲಿ ಮುಂದೆ ದಾಟಲು ಜಾಗ ಬಿಡುತ್ತೇವೆಂದು ಸಮಾಧಾನ ಹೇಳಿದೆ.

“ರೋಡು ಬೇಡ ಅನ್ನಲ್ಲ ಕಣಮ್ಮ,” ಎಂದರು. “ದಿನಕ್ಕೆ ನಾಕು ಸಲ ಸೊಪ್ಪು ಹಾಕ್ಬೇಕು. ನಾನು ಸುತ್ಕೊಂಡು ಬರೋವರೆಗೂ ಹುಳ ಕಾಯ್ತವಾ?”

ನಕ್ಷೆ ಬಿಡಿಸಿ ಮತ್ತೆ ನೋಡಿದೆ. ಅವರೇ ಕರೆದುಕೊಂಡು ಹೋಗಿ ತೋಟದಂಚಿನ ಸಣ್ಣ ಹಳ್ಳವನ್ನು ತೋರಿಸಿದರು. ಮಳೆನೀರಿಗೆಂದು ಅಲ್ಲಿ ರಸ್ತೆಯಡಿ ಸೊಂಟದೆತ್ತರದ ಮೋರಿ ಬರುವುದಿತ್ತು.

“ನೀರು ವರ್ಷಕ್ಕೆ ನಾಕು ದಿನ ಬರ್ತದೆ. ಮಿಕ್ಕಿದ ದಿನ ನಾನು ಹೋಗ್ತೀನಿ. ಅದನ್ನೇ ಎತ್ತರ ಮಾಡಕಾಗಲ್ವಾ?”

ಎಷ್ಟು ಎತ್ತರ? ಸರ್ವೆ ಕೋಲನ್ನು ಪಕ್ಕಕ್ಕೆ ಹಿಡಿದು, ಹೊರೆ ಹೊತ್ತ ಗೌರಮ್ಮನನ್ನೇ ಅಳೆದೆ. ಫೋಟೋಗೆ ನಿಂತವರ ಹಾಗೆ ಸೆರಗು ಸರಿಮಾಡಿಕೊಂಡು ನೆಟ್ಟಗೆ ನಿಂತರು. ಏಳೂವರೆ ಅಡಿ.

ಈ ಅಳತೆ ಯಾವ ಪುಸ್ತಕದ್ದೆಂದು ಮೇಲಧಿಕಾರಿ ಕೇಳಿದರು. ಗೌರಮ್ಮನದು ಎಂದೆ. ಎರಡು ಸಲ ಕಡತ ಹಿಂದಕ್ಕೆ ಬಂತು. ಮೂರನೆಯ ಸಲ, ಒಮ್ಮೆ ಬಂದು ನೋಡಿ ಎಂದು ಗೋಗರೆದು ಅವರನ್ನೇ ಜೀಪಿನಲ್ಲಿ ಕರೆತಂದೆ. ಗೌರಮ್ಮ ವಾದ ಮಾಡಲಿಲ್ಲ. ಹುಳುಮನೆಯೊಳಗೆ ಕರೆದು ನಿಲ್ಲಿಸಿದರು ಅಷ್ಟೆ. ಸಾವಿರಾರು ಹುಳುಗಳು ಬಿಡುವಿಲ್ಲದೆ ಸೊಪ್ಪು ಮೇಯುತ್ತಿದ್ದ ಚರಚರ ಸದ್ದನ್ನು ಅಧಿಕಾರಿ ಬಹಳ ಹೊತ್ತು ಕೇಳಿಸಿಕೊಂಡರು. ಹೊರಗೆ ಬಂದು, ಜೀಪಿನ ಬಾನೆಟ್ ಮೇಲೆ ಕಡತವಿಟ್ಟು ಸಹಿ ಹಾಕಿದರು.

ಆಮೇಲೆ ದೊಡ್ಡ ಸೇತುವೆಗಳನ್ನೇ ಕಟ್ಟಿಸಿದ್ದೇನೆ. ಆದರೂ ಹೋದ ತಿಂಗಳು ಚಿಂತಾಮಣಿಗೆ ಹೋಗುವಾಗ ಕಾರು ನಿಲ್ಲಿಸಿ ಇಳಿದದ್ದು ಆ ಮೋರಿಯ ಹತ್ತಿರ. ಅದರೊಳಗಿಂದ ಬಂದದ್ದು ಕುರಿಗಳು, ಸೈಕಲ್ ಹಿಡಿದ ಶಾಲೆಯ ಹುಡುಗಿಯರು, ಅವರ ಹಿಂದೆ ನಿಧಾನವಾಗಿ ಗೌರಮ್ಮ. ಗುರುತು ಹೇಳಿದೆ. ಮುಖವರಳಿಸಿ ಕೈ ಹಿಡಿದುಕೊಂಡವರು ಮೊದಲು ಹೇಳಿದ್ದು ದೂರು.

“ಅಳತೆ ಕಮ್ಮಿ ಆಯ್ತು ಕಣಮ್ಮ. ದೊಡ್ಡೋಳು ಟ್ರ್ಯಾಕ್ಟರ್ ತಗೊಂಡವಳೆ. ಸೊಪ್ಪು ಹೇರಿದ್ರೆ ಮೇಲಕ್ಕೆ ತಾಗ್ತದೆ.”

ಅಷ್ಟು ಖುಷಿ ಕೊಟ್ಟ ಇನ್ನೊಂದು ದೂರನ್ನು ನಾನು ಕೇಳಿಲ್ಲ.

ಈಗ ನನ್ನ ಮೇಜಿನ ಮೇಲೆ ಬೇರೊಂದು ಊರಿನ ನಕ್ಷೆ ಹರಡಿದೆ. ಗೆರೆ ಇನ್ನೂ ಎಳೆದಿಲ್ಲ. ಮೊದಲು ಅಲ್ಲಿಗೆ ಹೋಗಿ, ಆ ಊರಿನ ಹೆಂಗಸರು ಮುಂದೆ ಏನೇನು ಕೊಳ್ಳಬೇಕೆಂದಿದ್ದಾರೆ ಎಂದು ಕೇಳಿಕೊಂಡು ಬರಬೇಕು.