ದೃಷ್ಟಿಗೆ ಕಟ್ಟಿದ ಮುಖ

ಕಿತ್ತೂರಿನ ನಮ್ಮ ಓಣಿಯಲ್ಲಿ ಉಣ್ಣದ ಕೂಸನ್ನು ಅಂಜಿಸಲು ಗುಮ್ಮ ಬೇಕಿಲ್ಲ, ಹಮಾಲಿ ವೀರಪ್ಪನ ಹೆಸರು ಸಾಕು. ಸಣ್ಣವನಿದ್ದಾಗ ಕುದಿಯುವ ಬೆಲ್ಲದ ಪಾಕ ಸಿಡಿದು ಅವನ ಅರ್ಧ ಮುಖ ಸುಟ್ಟಿತ್ತು. ಆಳು ಆರಡಿ, ಆದರೆ ಇರುವೆ ಕಂಡರೂ ದಾಟಿ ಹೋಗುವ ಸ್ವಭಾವ. ಆದರೂ "ಒಂದಿನ ಅವಾ ಯಾರಿಗಾರ ಹೊಡೀತಾನ ನೋಡ್ರಿ" ಎಂದು ನಮ್ಮ ಓಣಿಯ ಕಟ್ಟೆ ವರ್ಷಗಟ್ಟಲೆ ಭವಿಷ್ಯ ನುಡಿಯುತ್ತಿತ್ತು. ಕಟ್ಟೆಗೆ ಬೇರೆ ಕೆಲಸವಿರಬೇಕಲ್ಲ!

ಅದೇ ಓಣಿಯ ವೆಂಕಣ್ಣ ಹೊಸ ಮನೆ ಕಟ್ಟಿಸಿದರು. ಅದಕ್ಕೆ ಸಿಮೆಂಟು, ಉಸುಕು ಹೊತ್ತವನು ವೀರಪ್ಪನೇ. ದೃಷ್ಟಿ ತಾಗದಿರಲೆಂದು ಎಲ್ಲರೂ ಪೇಟೆಯಿಂದ ರಾಕ್ಷಸನ ಮುಖ ತಂದು ಕಟ್ಟುತ್ತಾರೆ. ವೆಂಕಣ್ಣನ ತಲೆ ಕೇಳಬೇಕೆ! ವೀರಪ್ಪನಿಗೆ ತಿಳಿಯದಂತೆ ಅವನ ಫೋಟೊ ಹೊಡೆದು, ಕೆಂಪು ನಾಲಿಗೆ ಬರೆಸಿ, ಫ್ಲೆಕ್ಸ್ ಮಾಡಿಸಿ, ವಾಸ್ತುಶಾಂತಿಯ ಬೆಳಿಗ್ಗೆ ಮಾಳಿಗೆಗೆ ತೂಗುಹಾಕಿದರು. ಓಣಿ ಹೊಟ್ಟೆ ಹಿಡಿದು ನಕ್ಕಿತು. ನಾಲ್ಕು ಮನೆಯವರು ತಮಗೂ ಒಂದು ಬೇಕೆಂದರು.

ಮಧ್ಯಾಹ್ನ ವೀರಪ್ಪ ಇಸ್ತ್ರಿ ಅಂಗಿ ತೊಟ್ಟು ಬಂದ. ತಾನು ಹೊತ್ತು ಕಟ್ಟಿದ ಮನೆಯಲ್ಲಿ ಪಂಕ್ತಿಗೆ ಕೂತು ಉಣ್ಣಬೇಕೆಂಬ ಆಸೆ ಅವನಿಗೆ. ವೆಂಕಣ್ಣ ಬಾಗಿಲಲ್ಲೇ ತಡೆದರು.

"ವೀರಪ್ಪಾ, ಒಳಗ ಕೂಸುಗೋಳ ಇದ್ದಾವಪ್ಪಾ, ಅಂಜತಾವ. ನಿನಗ ಬುತ್ತಿ ಕಟ್ಟಿ ಕೊಡತೇನಿ."

ವೀರಪ್ಪ ತಲೆ ಎತ್ತಿದ. "ಮ್ಯಾಲ ತೂಗ ಹಾಕೀರಲ್ರಿ, ಅದು ಯಾರ ಮಾರಿ?"

ವೆಂಕಣ್ಣ ಕೆಮ್ಮಿದರು.

"ಅದನ್ನ ಕಂಡ್ರ ಕೂಸು ಅಂಜೂದಿಲ್ಲೇನ್ರಿ?" ಎಂದವನೇ ಕಲ್ಲೆತ್ತಿದ. ಮೊದಲ ಕಲ್ಲಿಗೆ ಫ್ಲೆಕ್ಸ್ ಹರಿಯಿತು, ಎರಡನೆಯದಕ್ಕೆ ಕಿಟಕಿಯ ಗಾಜು ಹೋಯಿತು, ಮೂರನೆಯದಕ್ಕೆ ಭಟ್ಟರು ಮಂತ್ರ ನುಂಗಿಕೊಂಡು ಅಡುಗೆಮನೆ ಸೇರಿದರು. ಓಣಿಗೋ ಹಬ್ಬ! "ನಾವು ಹೇಳಿರಲಿಲ್ಲೇನು?" ಎಂದು ಕಟ್ಟೆಯವರು ಕುಣಿದಾಡಿದರು. ಒಬ್ಬರು ಪೊಲೀಸರನ್ನು ಕರೆಯಲು ಫೋನು ತೆಗೆದರು.

ಎದುರುಮನೆಯ ಸೈದಾಬಿ ಅಜ್ಜಿ ಆ ಫೋನು ಕಸಿದುಕೊಂಡರು. "ರಾಕ್ಷಸ ಅಂತ ಮ್ಯಾಲ ಹತ್ತಿಸಿದವ್ರು ನೀವು, ಈಗ ಯಾಕ ಅಂಜತೀರಿ? ಮಾಡಿದ್ದುಣ್ಣೋ ಮಹಾರಾಯ! ಅವಗೂ ಒಂದು ಎಲಿ ಹಾಕ್ರಿ."

ಜನ ಗೊಳ್ಳೆಂದರು. ವೆಂಕಣ್ಣ ಸೋತರು. ಬುದ್ಧಿ ಬಂದು ಸೋತರೋ, ಉಳಿದ ಕಿಟಕಿಗಳ ಆಸೆಗೆ ಸೋತರೋ, ನಾನು ಕೇಳಲಿಲ್ಲ.

ವೀರಪ್ಪ ಪಂಕ್ತಿಯಲ್ಲಿ ಕೂತ. ವೆಂಕಣ್ಣನ ಹೆಂಡತಿ ತಾರಾಬಾಯಿ ಹೋಳಿಗೆ, ತುಪ್ಪ ಬಡಿಸಲು ಅವನ ಮುಂದೆ ಬಂದರು. ಕೈ ನಡುಗಿ ತುಪ್ಪ ನೆಲಕ್ಕೆ ಚೆಲ್ಲಿತು. ಅವನು ಅದನ್ನು ನೋಡಿದ.

"ಬಡಸ್ರಿ ಅಕ್ಕಾರ, ನಾ ಈ ಕಡೆ ನೋಡತೇನಿ" ಎಂದು ಮೆಲ್ಲಗೆ ಗೋಡೆಯತ್ತ ಮುಖ ತಿರುಗಿಸಿದ.

ತಾರಾಬಾಯಿಯ ಕೈ ನಡುಗುವುದು ನಿಂತಿತು. ನಾನು ಹೋಳಿಗೆಯನ್ನು ಎಲೆಯಲ್ಲೇ ಬಿಟ್ಟು ಎದ್ದೆ.