ಅಜ್ಜಿಗೆ ಕೇಳಿಸಿದ ವೇದ

ಪುಣೆಯ ಸದಾಶಿವ ಪೇಠೆಯ, ಹತ್ತಾರು ಸಂಸಾರಗಳಿದ್ದ ನಮ್ಮ ವಾಡೆಯಲ್ಲಿ ಸೋದರಮಾವನ ಹೆಸರು ಯಾರ ಬಾಯಲ್ಲೂ ಉಳಿದಿರಲಿಲ್ಲ. ಎಲ್ಲರಿಗೂ ಅವನು ‘ವೇಡಾ’. ಮರಾಠಿಯಲ್ಲಿ ಹಾಗೆಂದರೆ ಹುಚ್ಚ. ಗಣಿತದಲ್ಲಿ ಇಡೀ ಕಾಲೇಜಿಗೇ ಮೊದಲಿಗನಾಗಿದ್ದವನು, ಒಂದು ಬೇಸಿಗೆಯಲ್ಲಿ ತಲೆ ಕೆಟ್ಟು, ಅಂಗಳದ ಹಾಸುಗಲ್ಲಿನ ಮೇಲೆಲ್ಲ ಸೀಮೆಸುಣ್ಣದಿಂದ ಸಮೀಕರಣ ಬರೆಯತೊಡಗಿದ್ದ. ಅವನನ್ನು ನೋಡಿಕೊಳ್ಳಲು ಅಜ್ಜಿ ಧಾರವಾಡದಿಂದ ಬಂದಳು. ಅವಳಿಗೆ ಮರಾಠಿ ಬಾರದು, ಕಿವಿಯೂ ಸ್ವಲ್ಪ ಮಂದ. ಹಾಗಾಗಿ ಅವಳಿಗೆ ಕೇಳಿಸಿದ್ದು ‘ವೇದ’. ನನ್ನ ಮಗನನ್ನು ಈ ಊರಿನವರು ವೇದ ಅಂತಲೇ ಕರೆಯುತ್ತಾರೆ, ವಿದ್ಯೆಗೆ ಇಲ್ಲಿ ಎಂಥ ಮರ್ಯಾದೆ ಎಂದು ಬಂದವರಿಗೆಲ್ಲ ಹೇಳಿ ಹಿಗ್ಗುತ್ತಿದ್ದಳು.

ಹನ್ನೆರಡು ವರ್ಷದ ನಾನು ತಿದ್ದಲಿಲ್ಲ. ನಿಜ ತಿಳಿದರೆ ಅಜ್ಜಿಯ ಎದೆ ಒಡೆದೀತು ಎಂಬ ಹೆದರಿಕೆ. ಆ ಗುಟ್ಟು ಕಾಯುತ್ತಿರುವವಳು ನಾನೊಬ್ಬಳೇ ಎಂಬ ಜಂಬ ಬೇರೆ.

ಅಷ್ಟರಲ್ಲಿ ಊರಿಗೆ ಒಂದು ಹೊಸ ಟಾಕಿ, ಮಾತಾಡುವ ಸಿನಿಮಾ, ಬಂತು. ಸಾರಂಗಿ ಬಾರಿಸುವ ಮಹಾ ಪ್ರತಿಭಾವಂತನೊಬ್ಬ ಹುಚ್ಚನಾಗುವ ಕಥೆ, ಅದೂ ನಮ್ಮ ಪುಣೆಯಲ್ಲೇ ತೆಗೆದದ್ದು! ನನಗೆ ನೆಲದ ಮೇಲೆ ಕಾಲು ನಿಲ್ಲಲಿಲ್ಲ. ಅಮ್ಮ ಬೇಡವೆಂದಳು. ಮಾವನೇ ಗಡ್ಡ ಬೋಳಿಸಿ, ಕೋಟು ಹಾಕಿಕೊಂಡು ಬಂದು, ನನ್ನಂಥವನ ಕಥೆಯಂತೆ, ನೋಡಲೇಬೇಕು ಎಂದ. ಮಧ್ಯಾಹ್ನದ ಆಟಕ್ಕೆ ಅವನು, ನಾನು, ನಡುವೆ ಅಜ್ಜಿ ಕೂತೆವು.

ದೀಪ ಆರಿತು. ಪರದೆಯ ಹುಚ್ಚ ಕೂದಲು ಕೆದರಿಕೊಂಡು, ಕಣ್ಣು ತಿರುಗಿಸಿ ಗಹಗಹಿಸುತ್ತಿದ್ದ. ಎಲ್ಲ ಸುಳ್ಳು! ಮಾವ ಒಮ್ಮೆಯೂ ಹಾಗೆ ನಕ್ಕವನಲ್ಲ. ಸ್ನಾನಕ್ಕೂ ಏಳಲಾರದೆ ಮೂರು ಮೂರು ದಿನ ಗೋಡೆಗೆ ಮುಖ ಮಾಡಿ ಮಲಗುತ್ತಿದ್ದ. ಆದರೂ ನಾನು ಬಾಯಿ ತೆರೆದು ನೋಡಿದ್ದೇ ನೋಡಿದ್ದು.

ಆಗ ಪರದೆಯ ಮೇಲೆ ಜನ ಅವನಿಗೆ ಕಲ್ಲು ಎಸೆಯುತ್ತ ‘ವೇಡಾ, ವೇಡಾ’ ಎಂದು ಕೂಗಿದರು. ಟಾಕಿಯ ಆ ಗದ್ದಲದ ದನಿ ಕಿವುಡರಿಗೂ ಕೇಳಿಸಬೇಕು. ಅಜ್ಜಿ ನನ್ನ ಕೈ ಹಿಡಿದು, ಅವನಿಗೆ ಏನೆನ್ನುತ್ತಿದ್ದಾರೆ ಎಂದು ಕೇಳಿದಳು.

“ಹುಚ್ಚ ಅಂತಾರವ್ವಾ,” ಎಂದ ಮಾವ.

ಅಜ್ಜಿ ಪರದೆ ನೋಡುತ್ತ ಕೂತಳು. ಅಲ್ಲಿ ಒಂದೇ ಒಂದು ಹಾಡಿಗೆ ಹುಚ್ಚು ಬಿಟ್ಟುಹೋಯಿತು. ಜನ ಸಿಳ್ಳೆ ಹಾಕಿದರು. ನಾನೂ ಎದ್ದು ನಿಂತು ಚಪ್ಪಾಳೆ ತಟ್ಟಿದೆ. ಅಜ್ಜಿಯ ಮುಖ ಕಂಡು ಕುಸಿದು ಕೂತೆ. ಅವಳು ಮಾವನ ಕಡೆ ತಿರುಗಿ, ನಿನಗೆ ಮೊದಲಿಂದ ಗೊತ್ತಿತ್ತೇ ಎಂದು ಕೇಳಿದಳು.

“ಗೊತ್ತಿತ್ತವ್ವಾ. ನಿನಗ ಭಾಳ ಖುಷಿ ಆಗ್ತಿತ್ತಲ್ಲ.”

ಅಷ್ಟು ದಿನವೂ ಅಜ್ಜಿಯ ಎದುರು ಯಾರೇ ಆ ಹೆಸರು ಕೂಗಲಿ, ಮಾವ ನಗುತ್ತ ಓಗೊಡುತ್ತಿದ್ದ. ಅಜ್ಜಿ ಇಲ್ಲದಾಗ ಒಮ್ಮೆಯೂ ಓಗೊಟ್ಟವನಲ್ಲ.